ಊರ ಸುದ್ದಿ ಊರಿಗೇ ಬಂದ ಬಗೆ

ದಿನಪತ್ರಿಕೆಗಳ ಕಲಬುರಗಿ ಆವೃತ್ತಿಯ ಜಿಲ್ಲಾ ಪುಟ ತೆರೆದರೆ ಸುದ್ದಿಯ ತಲೆಯಲ್ಲೇ ದಪ್ಪಕ್ಷರದ ಊರುಗಳು: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಕಾಗಿಣಾ ನದಿ ಉಕ್ಕಿ ದಂಡೋತಿ ಸೇತುವೆ ಮುಳುಗಿದ್ದು, ತೊಗರಿಗೆ ನೆಟೆ ರೋಗ ಬಿದ್ದದ್ದು, ಮುಲ್ಲಾಮಾರಿ ನದಿಗೆ ನೀರು ಬಿಟ್ಟದ್ದು ಎಲ್ಲ ಇಲ್ಲೇ. ಈ ಊರುಗಳಿಗೆ ಪತ್ರಿಕೆಯಲ್ಲಿ ಇಷ್ಟು ಜಾಗ ಸಿಕ್ಕಿದ್ದು ತೀರ ತಡವಾಗಿ.

ಕನ್ನಡದ ಲಭ್ಯ ಮೊದಲ ಗ್ರಂಥ ‘ಕವಿರಾಜಮಾರ್ಗ’ದ ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಆದರೆ ಮುಂದೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿ ಇಲ್ಲಿನ ಕಚೇರಿಯ ಭಾಷೆ ಉರ್ದು. ಕನ್ನಡ ಪತ್ರಿಕೆ ಬೇರೂರುವ ನೆಲ ಅದಾಗಿರಲಿಲ್ಲ. ಉರ್ದುವಿನಲ್ಲೂ ಎದುರು ಬರೆದವರಿಗೆ ಉಳಿಗಾಲವಿರಲಿಲ್ಲ. ನಿಜಾಮನ ಪರವಾಗಿದ್ದ ರಜಾಕಾರರ ಪಡೆಯ ವಿರುದ್ಧ ಬರೆದ ‘ಇಮ್ರೋಜ್’ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು.

ಸೆಪ್ಟೆಂಬರ್ 17ರಂದು ನಿಜಾಮ ಶರಣಾದ. ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 15ರಂದು ಬೆಂಗಳೂರಿನಲ್ಲಿ ‘ಪ್ರಜಾವಾಣಿ’ ಶುರುವಾಯಿತು. ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’ ಅದಕ್ಕಿಂತ ಹಳೆಯದು. ಎರಡೂ ಇಲ್ಲಿಗೆ ದೂರದವೇ. ವಾಡಿ 1874ರಿಂದಲೇ ರೈಲ್ವೆ ಜಂಕ್ಷನ್. ಪತ್ರಿಕೆ ತರುವ ಗಾಡಿಗಳಿಗೆ ಬರವಿರಲಿಲ್ಲ, ಬಿಸಿ ಸುದ್ದಿಗಿತ್ತು. ದೂರದ ಊರಿನ ‘ಡಾಕ್ ಎಡಿಷನ್’ ಬೇಗ ಅಚ್ಚಾಗಬೇಕು, ತಡರಾತ್ರಿಯ ಸುದ್ದಿ ಬಿಟ್ಟುಹೋಗಬೇಕು. ತಾಲ್ಲೂಕಿನ ಸುದ್ದಿಗಂತೂ ಮೂಲೆಯೊಂದು ಸಿಕ್ಕರೆ ಹೆಚ್ಚು.

ಪುಟಗಳನ್ನು ತಂತಿಯ ಮೇಲೆ ಕಳಿಸುವ ತಂತ್ರಜ್ಞಾನ ಬಂದ ಮೇಲೆ ಲೆಕ್ಕ ಬದಲಾಯಿತು. 1999ರಲ್ಲಿ ಆರಂಭವಾದ ‘ವಿಜಯ ಕರ್ನಾಟಕ’ ಹಲವು ಊರುಗಳಿಂದ ಹೊರಬಂದು ಪೈಪೋಟಿ ಬಿರುಸಾಯಿತು. ‘ಉದಯವಾಣಿ’ ಸೇರಿ ಪ್ರಮುಖ ಪತ್ರಿಕೆಗಳಿಗೆ ಈಗ ಕಲಬುರಗಿ ಆವೃತ್ತಿಯಿದೆ. ಪುಟ ಹೆಚ್ಚಿದಂತೆ ತಾಲ್ಲೂಕಿಗೊಬ್ಬ ವರದಿಗಾರ ಬೇಕಾದ. ಸಣ್ಣ ಊರುಗಳಲ್ಲಿ ಏಜೆಂಟರೇ ವರದಿಗಾರರಾದದ್ದೂ ಉಂಟು: ನಸುಕಿನಲ್ಲಿ ಬಂಡಲ್ ಬಿಚ್ಚಿ ಹುಡುಗರಿಗೆ ಹಂಚುವುದು, ಮಧ್ಯಾಹ್ನ ತಹಶೀಲ್ ಕಚೇರಿ ಸುತ್ತುವುದು, ಸಂಜೆ ಸುದ್ದಿ ಕಳಿಸುವುದು, ತಿಂಗಳ ಕೊನೆಗೆ ಬಿಲ್ ವಸೂಲಿ.

ಈ ಬೆಳವಣಿಗೆಗೆ ಒಂದು ಅಡ್ಡಗೋಡೆಯೂ ಇದೆ. ಕಲಬುರಗಿ ಆವೃತ್ತಿಯ ಸುದ್ದಿ ಬಹುಪಾಲು ಅಲ್ಲೇ ಉಳಿಯುತ್ತದೆ. ಚಿಂಚೋಳಿಯ ಓದುಗ ಬೆಂಗಳೂರಿನ ಮೆಟ್ರೊ ಸುದ್ದಿ ಓದುತ್ತಾನೆ. ಬೆಂಗಳೂರಿನ ಓದುಗನಿಗೆ ದಂಡೋತಿ ಸೇತುವೆಯ ಹೆಸರೂ ಗೊತ್ತಿಲ್ಲ. ಪತ್ರಿಕೆಗಳು ರಾಜಧಾನಿಯ ಸುದ್ದಿಯನ್ನು ತಾಲ್ಲೂಕಿಗೆ ಮುಟ್ಟಿಸಿದ್ದಾಗಿದೆ. ತಾಲ್ಲೂಕಿನ ಸುದ್ದಿಯನ್ನು ರಾಜಧಾನಿಯ ಪುಟಕ್ಕೆ ಒಯ್ಯುವ ಕೆಲಸ ಬಾಕಿಯಿದೆ.