ಆ ಎಲುಬುಗಳು ಯಾರವು?

ಮಂಜೇಶ್ವರದಿಂದ ಕಾಸರಗೋಡಿನವರೆಗಿನ ನಮ್ಮ ಮನೆಗಳಲ್ಲಿ ಮಲಯಾಳ ಸಿನಿಮಾ ನೋಡದವರು ಕಡಿಮೆ. ಮನೆಮಾತು ಕೊಂಕಣಿಯೋ ತುಳುವೋ ಆಗಿರಬಹುದು, ಓದಿದ್ದು ಕನ್ನಡ ಶಾಲೆಯಲ್ಲೇ ಇರಬಹುದು. ಆದರೂ ಟಿ.ವಿ. ಮುಂದೆ ಕುಳಿತರೆ ಮೋಹನ್‌ಲಾಲ್ ಆಡಿದ ಮಾತು ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರಿಗೂ ಅರ್ಥವಾಗುತ್ತದೆ. ಹಾಗೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿದ ಚಿತ್ರಗಳಲ್ಲಿ ‘ದೃಶ್ಯಂ’ ಮತ್ತು ಅದರ ಮುಂದುವರಿದ ಭಾಗ ‘ದೃಶ್ಯಂ 2’ ಮುಖ್ಯವಾದವು. ಎರಡನೆಯದು ಬಂದ ಮೇಲೆ ನಮ್ಮಲ್ಲಿ ನಡೆದಷ್ಟು ಚರ್ಚೆ ಬೇರೆ ಯಾವ ಸಿನಿಮಾದ ಬಗ್ಗೆಯೂ ನಡೆದಂತೆ ಕಾಣೆ. “ಅದು ಹೇಗೆ ಸಾಧ್ಯ?” ಎಂಬುದೇ ಎಲ್ಲರ ಪ್ರಶ್ನೆ. ಆ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡೋಣ ಎಂಬುದು ಈ ಲೇಖನದ ಉದ್ದೇಶ. ಇನ್ನೂ ನೋಡದವರು ದಯವಿಟ್ಟು ಮೊದಲು ಸಿನಿಮಾ ನೋಡಿ, ಆಮೇಲೆ ಈ ಪುಟಕ್ಕೆ ಬನ್ನಿ. ಗುಟ್ಟೆಲ್ಲ ಇಲ್ಲಿ ರಟ್ಟಾಗಲಿದೆ.

ನೆನಪಿಗಾಗಿ ಕಥೆ ಹೇಳಿಬಿಡುತ್ತೇನೆ. ಮೊದಲ ‘ದೃಶ್ಯಂ’ ತೆರೆಗೆ ಬಂದದ್ದು 2013ರ ಡಿಸೆಂಬರ್‌ನಲ್ಲಿ. ಕಥೆ ಬರೆದು ನಿರ್ದೇಶಿಸಿದವರು ಜೀತು ಜೋಸೆಫ್. ಇಡುಕ್ಕಿ ಕಡೆಯ ರಾಜಾಕಾಡಿನಲ್ಲಿ ಕೇಬಲ್ ಟಿ.ವಿ. ನಡೆಸುವ ಜಾರ್ಜುಕುಟ್ಟಿ ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು. ಹೆಂಡತಿ ರಾಣಿ, ಮಕ್ಕಳು ಅಂಜು ಮತ್ತು ಅನು. ಅಂಜು ಸ್ನಾನ ಮಾಡುವುದನ್ನು ಕದ್ದು ಮೊಬೈಲಿನಲ್ಲಿ ಸೆರೆಹಿಡಿದ ವರುಣ್ ಎಂಬ ಹುಡುಗ ಅದನ್ನೇ ಹಿಡಿದು ಬೆದರಿಸಲು ಮನೆಗೆ ಬರುತ್ತಾನೆ. ಗಲಾಟೆಯಲ್ಲಿ ಅಂಜು ಹೊಡೆದ ಒಂದು ಏಟಿಗೆ ಸಾಯುತ್ತಾನೆ. ಅವನ ತಾಯಿ ಗೀತಾ ಪ್ರಭಾಕರ್ ಪೊಲೀಸ್ ಐ.ಜಿ. ಮನೆಯವರನ್ನು ಉಳಿಸಿಕೊಳ್ಳಲು ಜಾರ್ಜುಕುಟ್ಟಿ ಸಿನಿಮಾ ನೋಡಿ ಕಲಿತ ಬುದ್ಧಿಯನ್ನೆಲ್ಲ ಖರ್ಚು ಮಾಡುತ್ತಾನೆ. ಆಗಸ್ಟ್ 2ರಂದು ತಾವೆಲ್ಲ ತೊಡುಪುಳಕ್ಕೆ ಧ್ಯಾನಕೂಟಕ್ಕೆ ಹೋಗಿದ್ದೆವು ಎಂದು ಊರೇ ನಂಬುವಂತೆ ಮಾಡುತ್ತಾನೆ. ಹೋದದ್ದು ನಿಜ, ದಿನಾಂಕ ಮಾತ್ರ ಸುಳ್ಳು. ಬಸ್ಸಿನವನು, ಹೋಟೆಲಿನವನು, ಥಿಯೇಟರಿನವನು ಎಲ್ಲರಿಗೂ ಈ ಕುಟುಂಬವನ್ನು ಕಂಡ ನೆನಪಿದೆ. ಯಾವತ್ತು ಎಂಬುದನ್ನು ಅವರ ತಲೆಯಲ್ಲಿ ಬಿತ್ತಿದವನು ಜಾರ್ಜುಕುಟ್ಟಿಯೇ. ಕಣ್ಣಿಗೆ ಕಂಡದ್ದು ಮನಸ್ಸಿನಲ್ಲಿ ಉಳಿಯುತ್ತದೆ, ದಿನಾಂಕ ಉಳಿಯುವುದಿಲ್ಲ. ಸಿನಿಮಾದ ಹೆಸರಿನ ಅರ್ಥವೂ ಅದೇ.

ಈ ಕಥೆ ಎಷ್ಟು ಗಟ್ಟಿ ಎಂದರೆ ಕನ್ನಡ, ತೆಲುಗು, ತಮಿಳು, ಹಿಂದಿಗಳಲ್ಲದೆ ಚೀನಾದವರೂ 2019ರಲ್ಲಿ ಇದನ್ನು ತಮ್ಮ ಭಾಷೆಯಲ್ಲಿ ಮಾಡಿಕೊಂಡರು. ಕನ್ನಡದ ‘ದೃಶ್ಯ’ದಲ್ಲಿ (2014) ಪಿ. ವಾಸು ಅವರು ಜಾರ್ಜುಕುಟ್ಟಿಯನ್ನು ಕೊಡಗಿನ ರಾಜೇಂದ್ರ ಪೊನ್ನಪ್ಪನನ್ನಾಗಿ ಮಾಡಿದ್ದರು. ರವಿಚಂದ್ರನ್ ಅವರ ಆ ಪಾತ್ರವನ್ನು ನಮ್ಮವರು ಮರೆತಿಲ್ಲ.

‘ದೃಶ್ಯಂ 2’ 2021ರ ಫೆಬ್ರವರಿ 19ರಂದು ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಂತು. ಕೊರೋನಾ ಕಾಲ. ಥಿಯೇಟರಿಗೆ ಹೋಗಲು ಜನರಿಗೆ ಇನ್ನೂ ಅಂಜಿಕೆ. ಮನೆಯಲ್ಲೇ ಕುಳಿತು ನೋಡಿದ್ದರಿಂದ ಒಂದು ಹೊಸ ತೊಂದರೆಯೂ ಆಯಿತೆನ್ನಿ! ಥಿಯೇಟರಿನಲ್ಲಾದರೆ ಕಥೆ ಓಡುತ್ತದೆ, ಅದರ ಹಿಂದೆ ನಾವೂ ಓಡುತ್ತೇವೆ. ಮನೆಯಲ್ಲಿ ರಿಮೋಟ್ ನಮ್ಮ ಕೈಯಲ್ಲಿ. ನಿಲ್ಲಿಸಿ, ಹಿಂದಕ್ಕೆ ಹೋಗಿ, “ಇರಿ, ಇದು ಹೊಂದುವುದಿಲ್ಲವಲ್ಲ” ಎಂದು ಅಮ್ಮನೂ ಮಕ್ಕಳೂ ವಾದಕ್ಕೆ ಇಳಿಯಬಹುದು. ಪತ್ತೇದಾರಿ ಕಥೆಗಾರನಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಬೇರೆಯಿಲ್ಲ.

ಚರ್ಚೆಗಳಲ್ಲಿ ಬರುವ ಮೊದಲ ಆಕ್ಷೇಪ ಹೀಗಿದೆ: ಜಾರ್ಜುಕುಟ್ಟಿ ಪೊಲೀಸರ ಮುಂದೆ ತಾನೇ ಕೊಂದದ್ದು ಎಂದು ಒಪ್ಪಿಕೊಳ್ಳುತ್ತಾನೆ, ಮತ್ತೆ ನ್ಯಾಯಾಲಯದಲ್ಲಿ ಬಚಾವಾಗುವುದು ಹೇಗೆ? ನನ್ನ ಮಟ್ಟಿಗೆ ಇದು ಕಥೆಯ ತೂತೇ ಅಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೇಳುತ್ತಿತ್ತು. ಆ ಕಾಯ್ದೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನ 23ನೇ ಕಲಮಿನಲ್ಲೂ ಇದೇ ಮಾತಿದೆ. ಹೊಡೆದು ಬಡಿದು ಯಾರ ಬಾಯಿಯಿಂದಲೂ ಏನನ್ನೂ ಹೇಳಿಸಬಹುದು ಎಂಬ ಭಯದಿಂದ ಬಂದ ನಿಯಮವಿದು. ಮೊದಲ ಭಾಗದಲ್ಲಿ ಪೇದೆ ಸಹದೇವನ್ ಪುಟ್ಟ ಅನುವಿಗೆ ಹೊಡೆದು ಬಾಯಿ ಬಿಡಿಸಿದ್ದು ನೆನಪಿದೆಯಲ್ಲ? ಕಾನೂನು ತಿಳಿದೇ ಜೀತು ಜೋಸೆಫ್ ಈ ದಾರಿ ಹಿಡಿದಿದ್ದಾರೆ.

ಎರಡನೆಯದು ಜೋಸ್ ಎಂಬವನ ಪಾತ್ರ. ಮೊದಲ ಭಾಗದ ಕೊನೆಯಲ್ಲಿ ನಾವು ಕಂಡಂತೆ, ವರುಣನ ಶವವನ್ನು ಜಾರ್ಜುಕುಟ್ಟಿ ಹೂಳಿದ್ದು ಕಟ್ಟುತ್ತಿದ್ದ ಪೊಲೀಸ್ ಠಾಣೆಯ ನೆಲದಡಿಯಲ್ಲಿ. ಎರಡನೇ ಭಾಗ ಹೇಳುವುದೇನೆಂದರೆ, ಅದೇ ರಾತ್ರಿ ತನ್ನ ಭಾವಮೈದುನನನ್ನು ಕೊಂದು ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿದ್ದ ಜೋಸ್, ಜಾರ್ಜುಕುಟ್ಟಿ ಆ ಕಟ್ಟಡದಿಂದ ಹೊರಬರುವುದನ್ನು ಕಂಡಿದ್ದ. ಆರು ವರ್ಷ ಜೈಲಿನಲ್ಲಿದ್ದು ಬಂದ ಮೇಲೆ ಅದನ್ನೇ ಹಣಕ್ಕಾಗಿ ಪೊಲೀಸರಿಗೆ ಹೇಳುತ್ತಾನೆ. ಒಂದೇ ಊರಿನಲ್ಲಿ, ಒಂದೇ ರಾತ್ರಿ, ಎರಡು ಕೊಲೆ, ಒಂದೇ ಜಾಗ! ಇದು ಎಳೆದು ತಂದು ಕಟ್ಟಿದ್ದು ಎಂಬುದರಲ್ಲಿ ಅನುಮಾನವಿಲ್ಲ. ಆದರೂ ನೋಡುವಾಗ ನಮಗೆ ಅಷ್ಟಾಗಿ ಚುಚ್ಚುವುದಿಲ್ಲ. ಯಾಕೆ? ನಾಯಕನನ್ನು ಕಷ್ಟಕ್ಕೆ ತಳ್ಳುವ ಆಕಸ್ಮಿಕವನ್ನು ನಾವು ಒಪ್ಪುತ್ತೇವೆ. ಬದುಕಿನಲ್ಲೂ ಕಷ್ಟ ಬರುವುದು ಹಾಗೆಯೇ, ಹೇಳದೆ ಕೇಳದೆ. ಮೊದಲ ಭಾಗದಲ್ಲಿ ಸಹದೇವನ್ ವರುಣನ ಕಾರನ್ನು ಜಾರ್ಜುಕುಟ್ಟಿ ಓಡಿಸಿಕೊಂಡು ಹೋಗುವುದನ್ನು ಕಂಡದ್ದೂ ಆಕಸ್ಮಿಕವೇ ಆಗಿತ್ತು. ಯಾರೂ ದೂರಲಿಲ್ಲ.

ನೆರೆಮನೆಯವರ ವಿಷಯಕ್ಕೆ ಬಂದರೆ ನನ್ನ ಮನಸ್ಸು ಇಬ್ಭಾಗವಾಗುತ್ತದೆ. ಗಂಡನಿಂದ ಏಟು ತಿನ್ನುವ ಬಡಪಾಯಿ ಎಂದು ರಾಣಿ ನಂಬಿ ಹಚ್ಚಿಕೊಂಡ ಸರಿತಾ, ಕೊನೆಗೆ ನೋಡಿದರೆ ವೇಷ ಹಾಕಿಕೊಂಡು ಬಂದ ಪೊಲೀಸ್. ಕುಡುಕ ಗಂಡನೂ ಪೊಲೀಸ್. ಹಳೆಯ ಒಂದು ಕೇಸಿಗಾಗಿ ಇಲಾಖೆ ಇಬ್ಬರನ್ನು ಸಂಸಾರ ಹೂಡಿಸಿ ಅಷ್ಟು ಕಾಲ ಕೂರಿಸುತ್ತದೆಯೇ? ಠಾಣೆಯಲ್ಲಿ ಒಂದು ದೂರಿಗೆ ರಸೀದಿ ಪಡೆಯಲು ನಾಲ್ಕು ಸಲ ಓಡಾಡಿದವರನ್ನು ಕೇಳಿ, ನಗುತ್ತಾರೆ. ಆದರೆ ಸರಿತಾಳ ಮುಂದೆ ರಾಣಿ ತನ್ನ ಎದೆಯ ಭಾರ ಇಳಿಸುವ ದೃಶ್ಯದಲ್ಲಿ ಈ ಲೆಕ್ಕವೆಲ್ಲ ಮರೆತುಹೋಗುತ್ತದೆ. ಆರು ವರ್ಷ ಯಾರೊಂದಿಗೂ ಹೇಳಿಕೊಳ್ಳದೆ ಬದುಕಿದ ಹೆಂಗಸು ಯಾರಿಗಾದರೂ ಹೇಳಲೇಬೇಕಿತ್ತು, ಹೇಳಿದಳು. ಮೀನಾ ಅವರ ಮುಖದಲ್ಲಿ ಅದು ಕಾಣುತ್ತದೆ. ಕಥೆಯ ಹೆಣಿಗೆ ಸಡಿಲವಿದ್ದರೂ ಮನುಷ್ಯರು ನಿಜವಾಗಿದ್ದರೆ ಸಿನಿಮಾ ಉಳಿಯುತ್ತದೆ.

ನಿಜವಾದ ತೊಡಕು ಇರುವುದು ಕೊನೆಯಲ್ಲಿ.

ಠಾಣೆಯ ನೆಲ ಅಗೆದಾಗ ಅಸ್ಥಿಪಂಜರ ಸಿಗುತ್ತದೆ. ಡಿ.ಎನ್.ಎ. ಪರೀಕ್ಷೆಗೆ ಹೋಗುತ್ತದೆ. ಫಲಿತಾಂಶ ಬಂದಾಗ ಅದು ವರುಣನದ್ದಲ್ಲ! ಹೇಗೆ ಎಂಬುದನ್ನು ಚಿತ್ರಕಥೆಗಾರ ವಿನಯಚಂದ್ರನ್ (ಸಾಯಿಕುಮಾರ್) ಪೊಲೀಸ್ ಅಧಿಕಾರಿಗಳ ಮುಂದೆ ಕುಳಿತು, ಜಾರ್ಜುಕುಟ್ಟಿ ತನಗೆ ಹೇಳಿದ ಸಿನಿಮಾ ಕಥೆಯ ಕೊನೆ ಎಂಬಂತೆ ವಿವರಿಸುತ್ತಾರೆ. ಎಂದಾದರೂ ಸಿಕ್ಕಿಬೀಳುವೆ ಎಂದು ಬಲ್ಲ ನಾಯಕ ಸೆಮಿತೇರಿಯಲ್ಲಿ ಗುಂಡಿ ತೋಡುವವನ ಗೆಳೆತನ ಮಾಡಿ, ವರುಣನದೇ ವಯಸ್ಸಿನ ಬೇರೊಬ್ಬ ಹುಡುಗನ ಅಸ್ಥಿಯನ್ನು ಪಡೆದು ಇಟ್ಟುಕೊಂಡಿದ್ದ. ಆಸ್ಪತ್ರೆಯ ಕಾವಲುಗಾರನ ಗೆಳೆತನವನ್ನೂ ಮಾಡಿದ್ದ. ಠಾಣೆಯಲ್ಲಿ ಸಿಕ್ಕಿದ ಎಲುಬುಗಳು ಪರೀಕ್ಷೆಗೆ ಮೊದಲು ಅಲ್ಲಿಗೆ ಬಂದಾಗ ಅದಲು ಬದಲು ಮಾಡಿದ.

ಇಲ್ಲಿ ಎಷ್ಟು ಗಂಟುಗಳಿವೆ ನೋಡಿ. ಹೂತ ಶವವನ್ನು ಹೊರತೆಗೆಯುವಾಗ ಮ್ಯಾಜಿಸ್ಟ್ರೇಟರು ಮತ್ತು ವೈದ್ಯರು ಸ್ಥಳದಲ್ಲಿರಬೇಕು. ಫೋಟೋ ತೆಗೆಯುತ್ತಾರೆ, ಸಿಕ್ಕಿದ ಎಲುಬುಗಳ ಪಟ್ಟಿ ಮಾಡುತ್ತಾರೆ, ಪೆಟ್ಟಿಗೆಗೆ ಮೊಹರು ಹಾಕುತ್ತಾರೆ. ಮೊಹರು ಒಡೆದು ಮತ್ತೆ ಹಾಕಿದ್ದು ಹೇಗೆ? ನೆಲದಲ್ಲಿ ತೆಗೆದ ಫೋಟೋದಲ್ಲಿರುವ ತಲೆಬುರುಡೆ, ಹಲ್ಲುಗಳ ಸಾಲು ಪರೀಕ್ಷೆಗೆ ಬಂದ ಬುರುಡೆಗೆ ಹೊಂದುವುದೇ? ಅಂದು ರಾತ್ರಿ ಪಾಳಿಗೆ ಸರಿಯಾಗಿ ಅದೇ ಕಾವಲುಗಾರ ಇರಬೇಕು. ಅವನು ರಜೆಯಲ್ಲಿದ್ದರೆ? ವರ್ಗವಾಗಿದ್ದರೆ? ಆಕಸ್ಮಿಕ ಈ ಸಲ ಬಂದಿರುವುದು ನಾಯಕನನ್ನು ಬಿಡಿಸಲು. ಮೇಲಾಗಿ ಇದೆಲ್ಲ ನಮ್ಮ ಕಣ್ಣಿಗೆ ಮೊದಲು ಕಂಡಿಲ್ಲ. ಮೊದಲ ‘ದೃಶ್ಯಂ’ ಆರಂಭವಾಗುವುದೇ ಜಾರ್ಜುಕುಟ್ಟಿ ಹೊಸ ಠಾಣೆಯಲ್ಲಿ ಕುಳಿತಿರುವಲ್ಲಿಂದ. ಗುಟ್ಟು ನಮ್ಮ ಮುಂದೆಯೇ ಇತ್ತು, ಅವನ ಕಾಲ ಕೆಳಗೇ ಇತ್ತು, ನಾವು ಕಾಣಲಿಲ್ಲ. ಎರಡನೆಯದರಲ್ಲಿ ಗುಟ್ಟನ್ನು ಕಥೆಗಾರ ತನ್ನ ಜೇಬಿನಲ್ಲಿಟ್ಟುಕೊಂಡು ಕೊನೆಗೆ ತೆಗೆದು ತೋರಿಸುತ್ತಾನೆ. ಮೊದಲನೆಯದು ಜಾಣತನ, ಎರಡನೆಯದು ತೇಪೆ.

ಆದರೆ ಮೊಹರು, ಪಾಳಿ ಎಲ್ಲವನ್ನೂ ಕ್ಷಮಿಸಿಬಿಡೋಣ. ಸಿನಿಮಾ ತಾನೇ! ನನ್ನನ್ನು ಬಿಡದೆ ಕಾಡುವುದು ಇನ್ನೊಂದು ಪ್ರಶ್ನೆ. ಯಾವ ವಿಮರ್ಶೆಯಲ್ಲೂ ಅದನ್ನು ನಾನು ಕಾಣಲಿಲ್ಲ. ವರುಣನದ್ದಲ್ಲದಿದ್ದರೆ ಆ ಎಲುಬುಗಳು ಯಾರವು?

ಪೊಲೀಸ್ ಠಾಣೆಯ ನೆಲದಡಿಯಲ್ಲಿ ಒಬ್ಬ ಯುವಕನ ಅಸ್ಥಿ ಸಿಕ್ಕಿದೆ. ವರುಣನಲ್ಲವಾದರೆ ಇನ್ನೊಬ್ಬ ಸತ್ತಿದ್ದಾನೆ ಎಂದಾಯಿತು. ನಿಜವಾದ ಯಾವ ಊರಿನಲ್ಲಾದರೂ ಮರುದಿನವೇ ಅದು ಹೊಸ ಪ್ರಕರಣ. ಪೊಲೀಸರು ಆ ಜಾಡು ಹಿಡಿದು ಹೋಗುವುದನ್ನು ಸಿನಿಮಾ ನಮಗೆ ತೋರಿಸುವುದಿಲ್ಲ. ಹಿಡಿದಿದ್ದರೆ ಜಾರ್ಜುಕುಟ್ಟಿ ಒಂದು ವಾರವೂ ಉಳಿಯುತ್ತಿರಲಿಲ್ಲ. ಇದನ್ನು ಹೇಳಲು ಪತ್ತೇದಾರ ಬೇಡ, ಧರ್ಮಕೇಂದ್ರದ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದವರು ಸಾಕು. ನಮ್ಮಲ್ಲಿ ಯಾರನ್ನಾದರೂ ಭೂಸ್ಥಾಪನೆ ಮಾಡಿದರೆ ಅದು ಮರಣ ದಾಖಲೆಯ ಪುಸ್ತಕಕ್ಕೆ ಸೇರಬೇಕು. ಧರ್ಮಸಭೆಯ 1983ರ ಕಾನೂನು ಸಂಹಿತೆಯ 1182ನೇ ವಿಧಿ ಹೇಳುವುದು ಅದನ್ನೇ. ಹೆಸರು, ವಯಸ್ಸು, ತಂದೆ ತಾಯಿ, ತೀರಿಕೊಂಡ ದಿನ ಎಲ್ಲ ಅಲ್ಲಿರುತ್ತದೆ. ಸುತ್ತಲಿನ ಹತ್ತಿಪ್ಪತ್ತು ಚರ್ಚುಗಳ ಪುಸ್ತಕ ತೆರೆದು ಇಪ್ಪತ್ತರ ಆಸುಪಾಸಿನಲ್ಲಿ ತೀರಿಹೋದ ಹುಡುಗರ ಪಟ್ಟಿ ಮಾಡಲು ಎಷ್ಟು ಹೊತ್ತು ಬೇಕು? ಅಂಥ ಹೆಸರುಗಳು ಹೆಚ್ಚಿರುವುದಿಲ್ಲ. ಇರುವುದು ಬೇಡವೆಂದೇ ಎಲ್ಲರ ಹಾರೈಕೆ. ಡಿ.ಎನ್.ಎ. ಹೇಗೂ ಕೈಯಲ್ಲಿದೆ, ಹೆತ್ತವರ ರಕ್ತದೊಂದಿಗೆ ಹೋಲಿಸಿದರೆ ಮುಗಿಯಿತು. ಗುಂಡಿ ತೋಡುವವನ ಬಾಗಿಲಿಗೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ.

ಕೆಲವರು ಹೇಳಬಹುದು: ಜಾಗದ ಕೊರತೆಯಿರುವ ಸೆಮಿತೇರಿಗಳಲ್ಲಿ ಕೆಲವು ವರ್ಷಗಳ ನಂತರ ಗುಂಡಿ ತೆರೆದು ಎಲುಬುಗಳನ್ನು ಒಂದೇ ಕಡೆ ಸೇರಿಸುತ್ತಾರಲ್ಲ, ಆಗ ಯಾರಿಗೆ ಗೊತ್ತಾಗುತ್ತದೆ? ಸರಿ. ಕೇರಳದ ಅನೇಕ ಚರ್ಚುಗಳಲ್ಲಿ ಈ ಪದ್ಧತಿಯಿದೆ. ಹಾಗೆ ಸೇರಿಸುವಾಗಲೂ ಅದಕ್ಕೊಂದು ಕ್ರಮವಿದೆ, ಮರ್ಯಾದೆಯಿದೆ. ನವೆಂಬರ್ 2ರ ಸಕಲ ಮೃತರ ದಿನದಂದು ಆ ಮನೆಯವರು ಬಂದು ಮೇಣದ ಬತ್ತಿ ಹಚ್ಚುವುದು ಅಲ್ಲಿಯೇ. ಕಾನೂನಿಗೂ ಇದು ಸಣ್ಣ ವಿಷಯವಲ್ಲ. ಹೂಳುವ ಜಾಗಕ್ಕೆ ಅತಿಕ್ರಮ ಪ್ರವೇಶ ಮಾಡಿ ಶವಕ್ಕೆ ಅಗೌರವ ತೋರುವುದು ಹಳೆಯ ದಂಡಸಂಹಿತೆಯ 297ನೇ ಕಲಮಿನಂತೆ ಅಪರಾಧವಾಗಿತ್ತು, ಈಗಿನ ನ್ಯಾಯ ಸಂಹಿತೆಯಲ್ಲೂ ಅಪರಾಧವೇ.

ಇದನ್ನು ಇಷ್ಟು ಎಳೆಯಲು ಕಾರಣವಿದೆ. ‘ದೃಶ್ಯಂ 2’ ಕಟುಕ ಮನಸ್ಸಿನ ಸಿನಿಮಾ ಅಲ್ಲ. ವರುಣನ ತಂದೆ ಪ್ರಭಾಕರ್ (ಸಿದ್ದಿಕ್) ಜಾರ್ಜುಕುಟ್ಟಿಯ ಮುಂದೆ ಬಂದು, ಮಗನ ಅವಶೇಷ ಎಲ್ಲಿದೆ ಹೇಳು, ಕೊನೆಯ ಕರ್ಮವನ್ನಾದರೂ ಮಾಡುತ್ತೇವೆ ಎಂದು ಬೇಡಿಕೊಳ್ಳುವ ದೃಶ್ಯ ಎರಡೂ ಭಾಗಗಳಲ್ಲಿ ಅತ್ಯಂತ ದೊಡ್ಡದು ಎಂದು ನನ್ನ ಅಭಿಪ್ರಾಯ. ಮಗನನ್ನು ಕಳೆದುಕೊಂಡ ತಂದೆಗೆ ಒಂದು ಹಿಡಿ ಬೂದಿಯೂ ಎಷ್ಟು ಮುಖ್ಯ ಎಂದು ಬರೆದವರಿಗೆ ಗೊತ್ತು. ಅದಕ್ಕಾಗಿಯೇ ಕೊನೆಯಲ್ಲಿ ವರುಣನ ಚಿತಾಭಸ್ಮ ಆ ತಂದೆ ತಾಯಿಗೆ ತಲುಪುತ್ತದೆ, ಅವರು ಅದನ್ನು ನೀರಿಗೆ ಬಿಡುತ್ತಾರೆ, ದೂರದಿಂದ ಜಾರ್ಜುಕುಟ್ಟಿ ನೋಡುತ್ತಾನೆ.

ಅದನ್ನು ಸಾಧ್ಯ ಮಾಡಿದ್ದು ಇನ್ನೊಬ್ಬ ತಾಯಿಯ ಮಗನ ಎಲುಬುಗಳು. ಅವು ಪರೀಕ್ಷಾಲಯದ ಪೆಟ್ಟಿಗೆಯಲ್ಲಿ, ಗುರುತಿಲ್ಲದ ಶವ ಎಂಬ ಚೀಟಿಯೊಂದಿಗೆ ಉಳಿದವು. ಅವನು ಯಾರ ಮನೆಯವನು, ಒಂದು ಮಾತಿಲ್ಲ. ಇದು ಚಿತ್ರಕಥೆಯ ಅವಸರದಲ್ಲಿ ತಪ್ಪಿಹೋದ ವಿವರವಷ್ಟೇ ಅಲ್ಲ ಎಂದು ನನಗನಿಸುತ್ತದೆ. ಆ ಹುಡುಗನಿಗೆ ಒಂದು ಹೆಸರು, ಒಂದು ಮನೆ ಕೊಟ್ಟಿದ್ದರೆ ಜಾರ್ಜುಕುಟ್ಟಿಗೆ ನಾವು ಚಪ್ಪಾಳೆ ತಟ್ಟುತ್ತಿದ್ದೆವೇ? ಅಂಜುವಿನ ಅಪ್ಪನ ಕಡೆಗೆ ನಮ್ಮ ಮನಸ್ಸು ವಾಲಿಯೇ ಇರಬೇಕಾದರೆ ಆ ಇನ್ನೊಬ್ಬ ಅಪ್ಪ ತೆರೆಯ ಮೇಲೆ ಬರಕೂಡದು. ಹಾಗಾಗಿ ಬರಲಿಲ್ಲ.

ಒಂದೇ ಒಂದು ದೃಶ್ಯ ಸಾಕಿತ್ತು. ಜಾರ್ಜುಕುಟ್ಟಿ ಅಸ್ಥಿಯ ಗಂಟನ್ನು ಕೈಗೆ ತೆಗೆದುಕೊಳ್ಳುವಾಗ ಇದು ಯಾರ ಮಗ ಎಂದು ಕೇಳಬಹುದಿತ್ತು. ಗುಂಡಿ ತೋಡಿದವನಿಗೆ ಆ ಹೆಸರು ಗೊತ್ತೇ ಇರಬೇಕು, ಹೂತವನು ಅವನೇ ಅಲ್ಲವೇ? ಇಡೀ ಸಿನಿಮಾದಲ್ಲಿ ಅವನನ್ನು ಯಾರೂ ಕೇಳಲಿಲ್ಲ.