ಕರಿತಂತಿ ಹೋಗಿ ಗಾಜಿನೆಳೆ ಬಂದಾಗ

ಕಳೆದ ತಿಂಗಳು ಮನೆಭೇಟಿಗೆ ಹೋದಾಗ ಒಂದು ಮನೆಯ ಜಗಲಿಯಲ್ಲಿ ಸುರುಳಿ ಸುತ್ತಿಟ್ಟಿದ್ದ ಕಪ್ಪು ಕೇಬಲ್ ತಂತಿಯನ್ನು ಕಂಡೆವು. ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಮಗನು ರಜೆಯಲ್ಲಿ ಬಂದವನು ಅದನ್ನು ತೆಗೆಸಿ, ಫೈಬರ್ ಇಂಟರ್‌ನೆಟ್ ಹಾಕಿಸಿ, ದೊಡ್ಡ ಟಿ.ವಿ.ಯೊಂದನ್ನು ಗೋಡೆಗೆ ಬಿಗಿಸಿ ಹೋಗಿದ್ದನು. ಅದರ ಮುಂದೆ ವಯಸ್ಸಾದ ತಾಯಿ ಸುಮ್ಮನೆ ಕುಳಿತಿದ್ದರು. ತೆರೆಯ ಮೇಲೆ ಚೌಕ ಚೌಕ ಚಿತ್ರಗಳು ಮಾತ್ರ. "ಫಾದರ್, ಮೊದಲು ಗುಂಡಿ ಒತ್ತಿದರೆ ವಾರ್ತೆ ಬರುತ್ತಿತ್ತು. ಈಗ ಏನು ಬೇಕೆಂದು ಇದೇ ನನ್ನನ್ನು ಕೇಳುತ್ತದೆ" ಎಂದರು.

ಬದಲಾವಣೆಯ ತಿರುಳೆಲ್ಲ ಆ ತಾಯಿಯ ಮಾತಿನಲ್ಲಿದೆ. ಹಳೆಯ ಕೇಬಲ್ ವ್ಯವಸ್ಥೆಯಲ್ಲಿ ಎಲ್ಲ ಚಾನೆಲ್‌ಗಳೂ ಒಟ್ಟಾಗಿ ಎಲ್ಲ ಮನೆಗಳಿಗೂ ಹರಿದು ಬರುತ್ತಿದ್ದವು. ಯಾರು ಏನನ್ನು ನೋಡಿದರೆಂಬುದು ತಂತಿಗೆ ತಿಳಿಯುತ್ತಿರಲಿಲ್ಲ. ಇಂಟರ್‌ನೆಟ್ಟಿನಲ್ಲಿಯಾದರೋ ಕೇಳಿದ್ದು ಕೇಳಿದವರಿಗೆ ಬರುತ್ತದೆ, ಕೇಳಿದ್ದು ದಾಖಲಾಗುತ್ತದೆ. ಆ ದಾಖಲೆಯ ಆಧಾರದ ಮೇಲೆಯೇ ನಾಳೆ ನಮ್ಮ ಮುಂದೆ ಏನನ್ನು ಹರಡಬೇಕೆಂಬ ತೀರ್ಮಾನವಾಗುತ್ತದೆ. ಆಯ್ಕೆಯ ಸ್ವಾತಂತ್ರ್ಯ ಹೆಚ್ಚಿತೆಂದು ಯುವಕರು ಹಿಗ್ಗುತ್ತಾರೆ. ಇಚ್ಛೆ ಯಾವುದು, ಅಭ್ಯಾಸ ಯಾವುದು ಎಂದು ಸೆಮಿನರಿಯಲ್ಲಿ ತಿಂಗಳುಗಟ್ಟಲೆ ವಾದಿಸಿದ ನಮಗೆ ಅಷ್ಟು ಸುಲಭವಾಗಿ ಹಿಗ್ಗಲು ಸಾಧ್ಯವಾಗುತ್ತಿಲ್ಲ.

ಹಾಗೆಂದು ಕೇಬಲ್ ಕಾಲವೇ ಪುಣ್ಯಕಾಲವಾಗಿತ್ತೆಂದಲ್ಲ. 1991ರ ಕೊಲ್ಲಿ ಯುದ್ಧದ ದೃಶ್ಯಗಳು ಉಪಗ್ರಹದ ಮೂಲಕ ಬಂದಂದಿನಿಂದ ಕೇಬಲ್ ಹಬ್ಬಿತು; 1994ರಲ್ಲಿ ಉದಯ ಟಿ.ವಿ. ಬಂತು, 1995ರಲ್ಲಿ ಕಾಯಿದೆಯೂ ಆಯಿತು. ಸಂಜೆಯ ಜಪಸರವನ್ನು ಧಾರಾವಾಹಿಯ ವೇಳೆಗೆ ತಕ್ಕಂತೆ ಹಿಂದುಮುಂದು ಮಾಡಿದ ಮನೆಗಳು ನಮಗೆ ಗೊತ್ತು. 2016ರಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂದು, ಅದೇ ವರ್ಷ ಜಿಯೋದಿಂದ ಡೇಟಾ ಅಗ್ಗವಾದ ಮೇಲೆ ಧಾರಾವಾಹಿಗೆ ವೇಳೆಯೆಂಬುದೇ ಬೇಕಾಗಿಲ್ಲ. ಆದರೆ ಒಂದೇ ಟಿ.ವಿ.ಗಾಗಿ ಅಣ್ಣತಮ್ಮಂದಿರು ಜಗಳವಾಡುತ್ತಿದ್ದಾಗ ಎಲ್ಲರೂ ಒಂದೇ ಕೋಣೆಯಲ್ಲಿರುತ್ತಿದ್ದರು! ಈಗ ಜಗಳವಿಲ್ಲ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತೆರೆ, ಕಿವಿಯಲ್ಲಿ ಇಯರ್‌ಫೋನ್.

ಉಪಕಾರವನ್ನೂ ಮರೆಯಬಾರದು. 2020ರ ಮಾರ್ಚ್ 27ರಂದು ನಿರ್ಜನವಾದ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಪ್ರಾರ್ಥಿಸಿದುದನ್ನು ನಾವು ಕಂಡದ್ದು ಮೊಬೈಲಿನಲ್ಲಿಯೇ. ಲಾಕ್‌ಡೌನ್ ದಿನಗಳಲ್ಲಿ ನಮ್ಮ ಬಲಿಪೂಜೆಯೂ ಮನೆಮನೆಗೆ ತಲುಪಿದ್ದು ಹಾಗೆಯೇ.

ಆ ತಾಯಿಗೆ ವಾರ್ತೆಗಿಂತ ಹೆಚ್ಚಾಗಿ ನೆನಪಾಗುತ್ತಿದ್ದವನು ತಿಂಗಳಿಗೊಮ್ಮೆ ಹಣಕ್ಕೆ ಬರುತ್ತಿದ್ದ ಕೇಬಲ್ ಹುಡುಗನು. ಹುಡುಗನೆಂದರೂ ಅವನಿಗೀಗ ಮೊಮ್ಮಗಳಿದ್ದಾಳೆ. ರಿಮೋಟ್ ಸರಿಪಡಿಸಿ, ಜ್ವರ ಹೇಗಿದೆಯೆಂದು ಕೇಳಿ, ಚಹಾ ಕುಡಿದು ಹೋಗುತ್ತಿದ್ದನಂತೆ. ಇನ್ನು ಅವನು ಬರಲು ಕಾರಣವಿಲ್ಲ. ಈಗಿನ ಕಂಪನಿಯ ನಂಬರಿಗೆ ಫೋನ್ ಮಾಡಿದರೆ ಮಾತಾಡುವುದು ಮುದ್ರಿತ ಧ್ವನಿ.

ಯಾವ ಗುಂಡಿಯ ನಂತರ ಯಾವುದೆಂದು ದಪ್ಪ ಅಕ್ಷರಗಳಲ್ಲಿ ಬರೆದು ಟಿ.ವಿ.ಯ ಪಕ್ಕದಲ್ಲಿ ಅಂಟಿಸಿದೆವು. ಹೊರಡುವಾಗ ಜಗಲಿಯ ತಂತಿಯನ್ನು ಗುಜರಿಗೆ ಕೊಡಬಾರದೇ ಎಂದೆವು. "ಬೇಡ ಫಾದರ್, ಮಳೆಗಾಲಕ್ಕೆ ಬಟ್ಟೆ ಒಣಗಿಸಲು ಗಟ್ಟಿಯಾಗಿದೆ" ಎಂದರು.