ಎಣ್ಣೆಗೂ ನೀರಿಗೂ ನಡುವೆ ಒಂದು ಹಿತ್ತಾಳೆ ಗೋಡೆ

ಅಮೆರಿಕದ ಹಳೆಯ ಆಟೊಮ್ಯಾಟಿಕ್ ಪಿಕಪ್ ಟ್ರಕ್ಕಿನ ರೇಡಿಯೇಟರ್ ಬದಲಿಸುವಾಗ ನೀರಿನ ದಪ್ಪ ಹೋಸ್‌ಗಳೆರಡನ್ನು ಕಳಚಿದರೆ ಕೆಲಸ ಮುಗಿಯುವುದಿಲ್ಲ. ಪಕ್ಕದಲ್ಲೇ ಕಿರುಬೆರಳಿಗಿಂತ ಸಣ್ಣ ಎರಡು ಉಕ್ಕಿನ ಕೊಳವೆಗಳಿರುತ್ತವೆ. ಅವುಗಳ ನಟ್ಟು ಸಡಿಲಿಸಿದರೆ ತೊಟ್ಟಿಕ್ಕುವುದು ಓಕುಳಿಯಂಥ ಕೆಂಪು ಎಣ್ಣೆ. ನೀರಿನ ಮನೆಯಲ್ಲಿ ಎಣ್ಣೆಗೇನು ಕೆಲಸ?

ಉತ್ತರ 1939ರಲ್ಲಿದೆ. ಜನರಲ್ ಮೋಟರ್ಸ್ ತನ್ನ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿಗೆ ‘ಹೈಡ್ರಾಮ್ಯಾಟಿಕ್’ ಎಂಬ ಗೇರ್‌ಬಾಕ್ಸ್ ಕೂರಿಸಿತು. ಕ್ಲಚ್ ಪೆಡಲ್ಲೇ ಇಲ್ಲ. ಎದುರುಬದುರು ಇಟ್ಟ ಎರಡು ಬಟ್ಟಲುಗಳ ನಡುವೆ ಸುಳಿಯುವ ಎಣ್ಣೆಯೇ ಎಂಜಿನ್ನಿನ ಶಕ್ತಿಯನ್ನು ದಾಟಿಸುತ್ತಿತ್ತು. ಯುದ್ಧ ಬಂದಾಗ ಅದೇ ಗೇರ್‌ಬಾಕ್ಸ್ ಎಂ5 ಸ್ಟುವರ್ಟ್ ಟ್ಯಾಂಕಿನ ಹೊಟ್ಟೆ ಸೇರಿತು. 1948ರಲ್ಲಿ ಬ್ಯೂಕ್‌ನ ಡೈನಾಫ್ಲೋ, ಆ ಬಟ್ಟಲುಗಳ ಮುಂದುವರಿದ ರೂಪವಾದ ಟಾರ್ಕ್ ಕನ್ವರ್ಟರನ್ನು ಕಾರಿಗೆ ತಂದಿತು. 1954ರಲ್ಲಿ ಶೆವ್ರೊಲೆ ಪಿಕಪ್ ಕೊಳ್ಳುವವರಿಗೂ ಹೈಡ್ರಾಮ್ಯಾಟಿಕ್ ಸಿಗತೊಡಗಿತು.

ಚಾಲಕನ ಎಡಗಾಲಿಗೆ ಸಿಕ್ಕ ಈ ಸುಖಕ್ಕೆ ಬೆಲೆ ತೆತ್ತದ್ದು ಎಣ್ಣೆ. ಬಟ್ಟಲುಗಳ ನಡುವೆ ಅದು ಜಾರಿದಷ್ಟೂ ಶಕ್ತಿ ಶಾಖವಾಗುತ್ತದೆ. ಫೋರ್ಡ್ 1951ರ ಫೋರ್ಡೊಮ್ಯಾಟಿಕ್‌ನಲ್ಲಿ ಗಾಳಿಯಿಂದಲೇ ತಣಿಸಲು ನೋಡಿತು. ಬೆನ್ನಿಗೆ ಟ್ರೇಲರ್ ಕಟ್ಟಿಕೊಂಡು ಏರು ಹತ್ತುವ ಗಾಡಿಗೆ ಅಷ್ಟು ಸಾಲದು. ರೂಢಿಗೆ ಬಂದ ಉಪಾಯ ಬೇರೆ: ತಣಿದ ನೀರು ಎಂಜಿನ್ನಿಗೆ ಮರಳುವ ಮುನ್ನ ನಿಲ್ಲುವ ರೇಡಿಯೇಟರ್ ತೊಟ್ಟಿಯೊಳಗೆ ಒಂದು ಹಿತ್ತಾಳೆ ಕೊಳವೆ ಮುಳುಗಿಸಿ, ಅದರೊಳಗೆ ಎಣ್ಣೆ ಹಾಯಿಸುವುದು. ಬೇಸಿಗೆಯಲ್ಲಿ ನೀರು ಎಣ್ಣೆಯನ್ನು ತಣಿಸುತ್ತದೆ. ಹಿಮ ಬಿದ್ದ ಬೆಳಿಗ್ಗೆ ಅದೇ ನೀರು ಮಂದವಾದ ಎಣ್ಣೆಯನ್ನು ಬೆಚ್ಚಗಾಗಿಸುತ್ತದೆ.

‘ಕೂಲರ್’ ಎನಿಸಿಕೊಂಡ ಈ ಕೊಳವೆಗೆ ತಿಮಿಂಗಿಲದ ನಂಟೂ ಇದೆ. ಗೇರ್‌ಬಾಕ್ಸಿನೊಳಗಿನ ಕ್ಲಚ್ ತಟ್ಟೆಗಳು ನಯವಾಗಿ ಹಿಡಿಯಲೆಂದು ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕದ ಕಾನೂನು ಅದಕ್ಕೆ ತಡೆ ಹಾಕಿತು. ಬದಲಿಗೆ ಬಂದ ಡೆಕ್ಸ್‌ರಾನ್ 2 ಎಂಬ ಗೇರ್ ಎಣ್ಣೆಯ ಮೊದಲ ಪಾಕ ಕೂಲರಿನ ಬೆಸುಗೆಯನ್ನೇ ತಿನ್ನತೊಡಗಿತು. ತುಕ್ಕುನಿರೋಧಕ ಸೇರಿಸಿ ಪಾಕ ತಿದ್ದಬೇಕಾಯಿತು.

ತಾಮ್ರ–ಹಿತ್ತಾಳೆ ರೇಡಿಯೇಟರ್‌ಗಳ ಕಾಲದಲ್ಲಿ ಕೊಳವೆಯ ತುದಿಯನ್ನು ಕಹಳೆಯ ಬಾಯಿಯಂತೆ ಅಗಲಿಸಿ, ನಟ್ಟಿನಿಂದ ಹಿತ್ತಾಳೆಯ ಫಿಟ್ಟಿಂಗಿಗೆ ಒತ್ತುತ್ತಿದ್ದರು. ಲೋಹಕ್ಕೆ ಲೋಹ ಕಚ್ಚಿ ಸೋರಿಕೆ ನಿಲ್ಲುತ್ತದೆ. ಬಿಳಿ ಟೇಪು ಸುತ್ತುವ ಅಭ್ಯಾಸ ಇಲ್ಲಿ ನಡೆಯದು. ಮೊದಲು ಬೆರಳಿನಿಂದಲೇ ತಿರುಗಿಸಿ ಥ್ರೆಡ್ ನೆಟ್ಟಗೆ ಕೂತಿದೆಯೇ ನೋಡಬೇಕು. ಆಮೇಲೆ ಎರಡು ಸ್ಪ್ಯಾನರ್: ಒಂದು ರೇಡಿಯೇಟರಿನ ಫಿಟ್ಟಿಂಗನ್ನು ಅಲುಗದಂತೆ ಹಿಡಿಯಲು, ಇನ್ನೊಂದು ನಟ್ಟು ಬಿಗಿಯಲು. ಒಂದರಲ್ಲೇ ಜೋರು ಮಾಡಿದರೆ ಒಳಗಿನ ಕೂಲರೇ ತಿರುಚಿಕೊಂಡೀತು. ಅಲ್ಯುಮಿನಿಯಂ ಮೈ, ಪ್ಲಾಸ್ಟಿಕ್ ತೊಟ್ಟಿಯ ರೇಡಿಯೇಟರ್‌ಗಳ ಕಾಲಕ್ಕೆ ಅನೇಕ ಟ್ರಕ್ಕುಗಳಲ್ಲಿ ನಟ್ಟು ಹೋಗಿ, ‘ಟಕ್’ ಎಂದು ಕೂರುವ ಕ್ಲಿಪ್ ಬಂತು. ಸದ್ದು ಕೇಳಿದ ಮೇಲೂ ಒಮ್ಮೆ ಎಳೆದು ನೋಡುವುದು ಒಳ್ಳೆಯದು.

ಎಣ್ಣೆ–ಸೀಗೆಕಾಯಿಯಂಥ ಈ ಇಬ್ಬರನ್ನು ಒಂದೇ ಸೂರಿನಡಿ ಬೇರೆಬೇರೆ ಇಟ್ಟಿರುವುದು ಒಂದು ತೆಳು ಗೋಡೆ. ಎಂಜಿನ್ ಓಡುವಾಗ ಅದು ಸೀಳಿದರೆ, ಒತ್ತಡ ಹೆಚ್ಚಿರುವ ಎಣ್ಣೆ ನೀರಿಗೆ ನುಗ್ಗುತ್ತದೆ. ಎಂಜಿನ್ ನಿಂತರೆ ಎಣ್ಣೆಯ ಪಂಪು ನಿಲ್ಲುತ್ತದೆ, ಬಿಸಿನೀರಿನ ಒತ್ತಡ ಉಳಿಯುತ್ತದೆ. ಆಗ ನೀರು ಗೇರ್‌ಬಾಕ್ಸಿಗೆ ಇಳಿಯುತ್ತದೆ. 2005ರಿಂದ 2010ರವರೆಗಿನ ನಿಸ್ಸಾನ್ ಫ್ರಾಂಟಿಯರ್ ಪಿಕಪ್‌ಗಳಲ್ಲಿ ಈ ದೂರು ಬಂದು, ಕಂಪನಿ ರೇಡಿಯೇಟರ್ ವಾರಂಟಿಯನ್ನು 8 ವರ್ಷ ಅಥವಾ 80,000 ಮೈಲಿಗೆ ಹೆಚ್ಚಿಸಿತು.

ನಮ್ಮ ಲಾರಿಗಳಲ್ಲಿ ಹೆಚ್ಚಿನವು ಇನ್ನೂ ಕ್ಲಚ್ ತುಳಿದೇ ಓಡುತ್ತವೆ. ಆದರೆ ಆಟೊಮ್ಯಾಟಿಕ್ ಗಾಡಿ ಇಟ್ಟುಕೊಂಡವರು ಇಷ್ಟು ನೆನಪಿಡಿ: ರೇಡಿಯೇಟರ್ ಬದಲಿಸಿದ ಮೇಲೆ ಸೋರಿದಷ್ಟು ಎಣ್ಣೆ ತುಂಬಿಸಿ, ಎಂಜಿನ್ ಓಡಿಸಿ, ಜೋಡಣೆಯ ಬುಡ ಒಣಗಿದೆಯೇ ನೋಡಿ. ಗೇರ್ ಎಣ್ಣೆ ಎಂದಾದರೂ ರೋಸ್‌ಮಿಲ್ಕ್ ಬಣ್ಣಕ್ಕೆ ತಿರುಗಿದ್ದು ಕಂಡರೆ ಕೀಲಿ ಮುಟ್ಟಬೇಡಿ. ಗಾಡಿಯನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಹೋಗಿ.